ಹೆಂಚಿನ ಸಂದಿನ ಹಾವು

ಮುಂಗಾರು ಹಿಡಿದ ದಿನಗಳಲ್ಲಿ ಮಲೆನಾಡಿನ ಅಥವಾ ಕರಾವಳಿಯ ಹಳೆಯ ಹೆಂಚಿನ ಮನೆಗಳಲ್ಲಿ ಇಂಥದೊಂದು ಪ್ರಸಂಗ ನಡೆಯುವುದುಂಟು. ರಾತ್ರಿಯ ಊಟ ಮುಗಿದಿರುತ್ತದೆ. ಮಕ್ಕಳು ದೀಪದ ಬೆಳಕಿನಲ್ಲಿ ಓದುತ್ತ ಕುಳಿತಿರುತ್ತಾರೆ. ಮಾಡಿನ ಪಕಾಸಿಯ ಮೇಲೆ ಹಲ್ಲಿಯೊಂದು ಲೊಚಗುಟ್ಟಿ ಸರಕ್ಕನೆ ಓಡುತ್ತದೆ. ಅದರ ಬೆನ್ನಿಗೇ ಕಿರುಬೆರಳಿನಷ್ಟು ದಪ್ಪದ, ಒಂದು ಮೊಳದಷ್ಟು ಉದ್ದದ ಕಂದುಬಣ್ಣದ ಹಾವೊಂದು ಆಯತಪ್ಪಿ ತೊಪ್ಪನೆ ನೆಲಕ್ಕೆ ಬೀಳುತ್ತದೆ. ಮೈಮೇಲೆ ಬಿಳಿಯ ಅಡ್ಡಪಟ್ಟೆಗಳು. ಯಾರೋ 'ಕಟ್ಟುಹಾವು!' ಎಂದು ಕೂಗುತ್ತಾರೆ. ಇನ್ನಾರೋ ಬಾಗಿಲ ಮರೆಯಲ್ಲಿದ್ದ ದೊಣ್ಣೆಯನ್ನು ತರುತ್ತಾರೆ. ಹಾವು ಓಡಿಹೋಗಲು ಯತ್ನಿಸುವ ಬದಲು ಮೈಯನ್ನು ಉಂಡೆಯಾಗಿ ಸುತ್ತಿಕೊಂಡು ತಲೆಯನ್ನು ಸುರುಳಿಯೊಳಗೆ ಹುದುಗಿಸಿಕೊಳ್ಳುತ್ತದೆ. ಅರೆ ನಿಮಿಷದಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ಹೀಗೆ ಮಾಡಿನಿಂದ ಬಿದ್ದು ಸಾಯುವ ಹಾವು ಎಷ್ಟೋ ಸಲ ಕಟ್ಟುಹಾವಾಗಿರುವುದಿಲ್ಲ. ಅದು ವಿಷವೇ ಇಲ್ಲದ ತೋಳಹಾವು. ಮನುಷ್ಯನ ವಾಸಸ್ಥಾನವನ್ನೇ ತನ್ನ ವಾಸಸ್ಥಾನವನ್ನಾಗಿ ಮಾಡಿಕೊಂಡ ಈ ಸಣ್ಣ ಹಾವು, ನಮ್ಮ ನಾಡಿನ ಅತ್ಯಂತ ವಿಷಕಾರಿ ಹಾವುಗಳಲ್ಲಿ ಒಂದನ್ನು ಹೋಲುವ ದುರದೃಷ್ಟವನ್ನು ಹೊತ್ತು ಹುಟ್ಟಿದೆ. ಇವೆರಡನ್ನೂ ಬೇರ್ಪಡಿಸಿ ಗುರುತಿಸುವ ವಿದ್ಯೆ ಕೇವಲ ಕುತೂಹಲದ ಮಾತಲ್ಲ. ಇಲ್ಲಿ ತಪ್ಪಿದರೆ ಒಂದು ಕಡೆ ನಿರಪರಾಧಿಯಾದ ಹಾವು ಸಾಯುತ್ತದೆ. ಇನ್ನೊಂದು ಕಡೆ ಮನುಷ್ಯನೇ ಸಾಯಬಹುದು.

ತೋಳಹಾವಿಗೆ ಶಾಸ್ತ್ರೀಯ ನಾಮಕರಣ ಮಾಡಿದವನು ಸ್ವೀಡನ್ನಿನ ಪ್ರಕೃತಿವಿಜ್ಞಾನಿ ಲಿನೇಯಸ್. 1758ರಲ್ಲಿ ಅವನು ಕೊಟ್ಟ 'ಆಲಿಕಸ್' ಎಂಬ ಹೆಸರಿಗೆ ಲ್ಯಾಟಿನ್ ಭಾಷೆಯಲ್ಲಿ ಅರಮನೆಗೆ, ರಾಜಸಭೆಗೆ ಸೇರಿದ್ದು ಎಂದರ್ಥ. ಹೆಂಚಿನ ಸಂದಿಯಲ್ಲಿ ಹಲ್ಲಿ ಹಿಡಿದು ಬದುಕುವ ಪ್ರಾಣಿಗೆ ಇದು ತುಸು ದೊಡ್ಡ ಬಿರುದೇ ಸರಿ. ಮುಂದೆ ಬಂದ ವಿಜ್ಞಾನಿಗಳು ಇದನ್ನು 'ಲೈಕೊಡಾನ್' ಎಂಬ ಕುಲಕ್ಕೆ ಸೇರಿಸಿದರು. ಗ್ರೀಕ್ ಭಾಷೆಯ ಈ ಪದಕ್ಕೆ 'ತೋಳದ ಹಲ್ಲು' ಎಂದರ್ಥ. ಇದರ ಬಾಯಿಯ ಮುಂಭಾಗದಲ್ಲಿ ಕೆಲವು ಹಲ್ಲುಗಳು ಉಳಿದವುಗಳಿಗಿಂತ ಉದ್ದವಾಗಿ, ತೋಳದ ಕೋರೆಗಳಂತೆ ಎದ್ದು ಕಾಣುತ್ತವೆ. ಆದರೆ ಇವು ವಿಷದ ಹಲ್ಲುಗಳಲ್ಲ. ಹಲ್ಲಿಯ ಮೈ ಮೆತ್ತಗಿದ್ದರೂ ಅದರ ಜ್ಞಾತಿಯಾದ ಹಾವುರಾಣಿಯ ಮೈಮೇಲೆ ನುಣುಪಾದ ಗಟ್ಟಿ ಹುರುಪೆಗಳ ಕವಚವಿರುತ್ತದೆ. ಜಾರಿಹೋಗುವ ಆ ಮೈಯನ್ನು ಕಚ್ಚಿ ಹಿಡಿಯಲು ಇಂಥ ಹಲ್ಲು ಬೇಕು. ಕೈಗೆ ಸಿಕ್ಕಿಬಿದ್ದ ತೋಳಹಾವು ಹಿಂಜರಿಯದೆ ಕಚ್ಚುತ್ತದೆ, ಗೀರಿದಂತಾಗಿ ನಾಲ್ಕು ಹನಿ ರಕ್ತ ಬರುತ್ತದೆ, ಅಷ್ಟೆ.

ಬೆಳೆದ ತೋಳಹಾವು ಸಾಮಾನ್ಯವಾಗಿ 30ರಿಂದ 50 ಸೆಂಟಿಮೀಟರ್ ಉದ್ದವಿರುತ್ತದೆ. 80 ಸೆಂಟಿಮೀಟರ್ ಮುಟ್ಟುವುದು ಅಪರೂಪ. ಪಾಕಿಸ್ತಾನದಿಂದ ಬಾಂಗ್ಲಾದೇಶದವರೆಗೆ, ನೇಪಾಳದಿಂದ ಶ್ರೀಲಂಕದವರೆಗೆ ಇದರ ಹರವು. ಕರ್ನಾಟಕದಲ್ಲಿ ಬಯಲುಸೀಮೆ, ಮಲೆನಾಡು, ಕರಾವಳಿ ಎಂಬ ಭೇದವಿಲ್ಲದೆ ಇದು ಕಾಣಸಿಗುತ್ತದೆ. ಕಾಡಿನಲ್ಲಿ ಇದು ಮರದ ಒಣತೊಗಟೆಯ ಅಡಿಯಲ್ಲಿ, ಕಲ್ಲಿನ ಬಿರುಕುಗಳಲ್ಲಿ, ಪೊಟರೆಗಳಲ್ಲಿ ಹಗಲು ಕಳೆಯುತ್ತದೆ. ಊರಿನಲ್ಲಿ ಅದಕ್ಕಿಂತ ಅನುಕೂಲವಾದ ಸ್ಥಳಗಳು ಸಿಕ್ಕಿವೆ. ಕಲ್ಲುಗಾರೆಯ ಗೋಡೆ, ಸೌದೆಯ ರಾಶಿ, ಹಳೆಯ ಕಿಟಕಿಯ ಚೌಕಟ್ಟು, ಎಲ್ಲಕ್ಕಿಂತ ಮಿಗಿಲಾಗಿ ಹೆಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಕೆಂಪು ಹೆಂಚು ಪಶ್ಚಿಮ ಕರಾವಳಿಯ ಉದ್ದಕ್ಕೂ, ಘಟ್ಟದ ಮೇಲಿನ ಊರುಗಳಿಗೂ ಹರಡಿತು. ಒಂದು ಹೆಂಚು ಇನ್ನೊಂದರ ಮೇಲೆ ಕೂಡುವ ಕಡೆ ಉಳಿಯುವ ಕಿರಿದಾದ ಸಂದು ಹಗಲಲ್ಲಿ ಕತ್ತಲೆಯಾಗಿರುತ್ತದೆ, ಮಳೆಗಾಲದಲ್ಲೂ ಒಣಗಿರುತ್ತದೆ. ರಾತ್ರಿ ಅಲ್ಲಿಂದ ಹೊರಟರೆ ನಾಲ್ಕು ಅಡಿ ದೂರದಲ್ಲೇ ಹಲ್ಲಿಗಳಿರುತ್ತವೆ. ತೋಳಹಾವಿಗೆ ಬೇಕಾದುದೆಲ್ಲ ಅಲ್ಲಿದೆ.

ಮಾಡಿನವರೆಗೆ ಅದು ಏರುವುದಾದರೂ ಹೇಗೆ? ಹಾವಿನ ಹೊಟ್ಟೆಯ ಕೆಳಗೆ ಅಡ್ಡಲಾಗಿ ಜೋಡಿಸಿದ ಅಗಲವಾದ ಫಲಕಗಳಿರುತ್ತವೆ. ತೋಳಹಾವಿನಲ್ಲಿ ಈ ಫಲಕಗಳ ಎರಡು ಅಂಚುಗಳೂ ಮಡಿಕೆ ಬಿದ್ದಂತೆ ಕೋನವಾಗಿ ಬಾಗಿವೆ. ಸುಣ್ಣ ಬಳಿದ ಒರಟು ಗೋಡೆಯ ಮೇಲಿನ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ಈ ಮಡಿಕೆಗಳನ್ನು ಒತ್ತಿ ಅದು ನೆಟ್ಟಗೆ ಮೇಲೇರಬಲ್ಲುದು. ಹೆಂಚಿನ ಮನೆಗಳ ಜಾಗದಲ್ಲಿ ಕಾಂಕ್ರೀಟಿನ ಮನೆಗಳು ಬಂದರೂ ತೋಳಹಾವು ಊರು ಬಿಟ್ಟು ಹೋಗಿಲ್ಲ. ಹಲ್ಲಿಗಳು ದೀಪದ ಬಳಿ ಹುಳುಗಳಿಗಾಗಿ ಕಾಯುತ್ತವೆ. ಹಲ್ಲಿಗಳಿಗಾಗಿ ಹಾವು ಬರುತ್ತದೆ. ನೀರಿನ ಕೊಳವೆಯ ಸಂದು, ಬಾಗಿಲಿನ ಚೌಕಟ್ಟಿನ ಬಿರುಕು, ಹೂಕುಂಡಗಳ ಸಾಲು, ಇಷ್ಟಿದ್ದರೆ ಅದಕ್ಕೆ ಸಾಕು.

ಇನ್ನು ಕಟ್ಟುಹಾವಿನ ವಿಚಾರ. ಕೆಲವೆಡೆ ಇದನ್ನು ಕಡಂಬಳವೆಂದೂ ಕರೆಯುತ್ತಾರೆ. ನಾಗರಹಾವು, ಕೊಳಕುಮಂಡಲ, ಗರಗಸಮಂಡಲಗಳ ಜೊತೆಗೆ ಭಾರತದಲ್ಲಿ ಅತಿ ಹೆಚ್ಚು ಜನರ ಸಾವಿಗೆ ಕಾರಣವಾಗುವ ನಾಲ್ಕು ಹಾವುಗಳಲ್ಲಿ ಇದೂ ಒಂದು. ಸರಾಸರಿ ಒಂದು ಮೀಟರ್ ಉದ್ದ ಬೆಳೆಯುತ್ತದೆ. ಒಂದೂಮುಕ್ಕಾಲು ಮೀಟರ್ ಉದ್ದದವೂ ಸಿಕ್ಕಿವೆ. ಹೊಲದ ಬದು, ಇಲಿಯ ಬಿಲ, ಹುತ್ತ, ಇಟ್ಟಿಗೆಯ ರಾಶಿ ಇದರ ತಾಣಗಳು. ಇಲಿ, ಕಪ್ಪೆ, ಹಲ್ಲಿಗಳನ್ನು ತಿನ್ನುತ್ತದೆಯಾದರೂ ಬೇರೆ ಹಾವುಗಳೆಂದರೆ ಇದಕ್ಕೆ ವಿಶೇಷ ಪ್ರೀತಿ. ಆ ಹಾವುಗಳಲ್ಲಿ ತೋಳಹಾವೂ ಸೇರಿದೆ. ಹೀಗಾಗಿ ಒಂದೇ ಹಿತ್ತಲಿನಲ್ಲಿ ಎರಡೂ ಇರುವುದು ಆಶ್ಚರ್ಯವಲ್ಲ.

ಹೋಲಿಕೆಗೆ ಕಾರಣವನ್ನು ಅರಿಯಲು ಹಿಂದಿನ ಒಂದು ಸಂಶೋಧನೆಯನ್ನು ನೆನೆಯಬೇಕು. ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್ ಎಂಬಾತನು ಅಮೆಜಾನ್ ನದಿಯ ಕಾಡುಗಳಲ್ಲಿ ಚಿಟ್ಟೆಗಳನ್ನು ಸಂಗ್ರಹಿಸುತ್ತಿದ್ದಾಗ, ಹಕ್ಕಿಗಳು ತಿನ್ನಲೊಲ್ಲದ ಕೆಟ್ಟ ರುಚಿಯ ಚಿಟ್ಟೆಗಳ ಬಣ್ಣವನ್ನೇ ಬೇರೆ ಕುಲದ ನಿರುಪದ್ರವಿ ಚಿಟ್ಟೆಗಳೂ ಧರಿಸಿರುವುದನ್ನು ಕಂಡನು. 1862ರಲ್ಲಿ ಅವನು ಪ್ರಕಟಿಸಿದ ಈ ವಿಚಾರ ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ತೋಳಹಾವಿನ ಪಟ್ಟೆಗಳೂ ಇಂಥ ವೇಷವೆಂದು ಪ್ರಾಣಿಶಾಸ್ತ್ರಜ್ಞರ ಅಭಿಪ್ರಾಯ. ವಿಷದ ಹಾವಿನಂತೆ ತೋರಿದರೆ ಶತ್ರು ಹಿಂದೆ ಸರಿಯುತ್ತದೆ. ಕಾಡಿನಲ್ಲಿ ಈ ಉಪಾಯ ಫಲಿಸಿರಬೇಕು. ಆದರೆ ಮನುಷ್ಯನೆಂಬ ಶತ್ರು ಹೆದರಿದರೆ ಹಿಂದೆ ಸರಿಯುವುದಿಲ್ಲ, ದೊಣ್ಣೆ ಎತ್ತುತ್ತಾನೆ. ಜೀವ ಕಾಯಬೇಕಾದ ವೇಷವೇ ಜೀವಕ್ಕೆ ಮುಳುವಾಗುವುದು ಹೀಗೆ.

ಎರಡನ್ನೂ ಬೇರ್ಪಡಿಸುವ ಲಕ್ಷಣಗಳಲ್ಲಿ ದೂರದಿಂದಲೇ ಕಾಣುವಂಥವು ಕೆಲವಿವೆ. ಮೊದಲನೆಯದು ಬಣ್ಣ. ತೋಳಹಾವಿನದು ತೆಳುಗಂದಿನಿಂದ ಕಡುಗಂದಿನವರೆಗಿನ ಬಣ್ಣ. ಕಟ್ಟುಹಾವಿನದು ನೀಲಿಛಾಯೆಯ ಹೊಳೆಯುವ ಕಪ್ಪು. ಎರಡನೆಯದು, ಪಟ್ಟೆಗಳು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತವೆಂಬುದು. ಇದು ಹೆಚ್ಚು ಪ್ರಯೋಜನಕರವಾದ ಗುರುತು. ತೋಳಹಾವಿನ ಪಟ್ಟೆಗಳು ಕತ್ತಿನ ಬಳಿಯೇ, ಕೊರಳಪಟ್ಟಿಯಂತೆ, ಆರಂಭವಾಗುತ್ತವೆ. ಮುಂಭಾಗದಲ್ಲಿ ಅಗಲವಾಗಿ ಸ್ಪಷ್ಟವಾಗಿರುವ ಅವು ಬಾಲದತ್ತ ಸಾಗಿದಂತೆ ಮಸುಕಾಗಿ ಅಳಿದುಹೋಗುತ್ತವೆ. ಅವುಗಳ ಸಂಖ್ಯೆ ಹೆಚ್ಚೆಂದರೆ ಇಪ್ಪತ್ತರ ಒಳಗೆ. ಪ್ರತಿ ಪಟ್ಟೆಯೂ ಪಕ್ಕೆಗೆ ಇಳಿಯುವಾಗ ಕವಲೊಡೆದು ತ್ರಿಕೋನದಂತೆ ಹರಡುತ್ತದೆ. ಕಟ್ಟುಹಾವಿನಲ್ಲಿ ಇದೆಲ್ಲವೂ ತಿರುವುಮುರುವು. ತಲೆಯಿಂದ ಸ್ವಲ್ಪ ದೂರದವರೆಗೆ ಪಟ್ಟೆಯೇ ಇರುವುದಿಲ್ಲ, ಇದ್ದರೂ ಚುಕ್ಕೆಗಳಂತೆ ಇರುತ್ತದೆ. ಹಿಂದೆ ಹೋದಂತೆ ತೆಳುವಾದ ಬಿಳಿಗೆರೆಗಳು ಎರಡೆರಡರ ಜೋಡಿಯಾಗಿ ಕಾಣಿಸಿಕೊಂಡು ಬಾಲದ ತುದಿಯವರೆಗೂ ನಿಚ್ಚಳವಾಗಿ ಉಳಿಯುತ್ತವೆ. ಇಂಥ ಗೆರೆಗಳು ನಲವತ್ತರ ಆಸುಪಾಸಿನಲ್ಲಿರುತ್ತವೆ.

ತಲೆಯ ಆಕಾರವೂ ಬೇರೆ. ತೋಳಹಾವಿನ ತಲೆ ಚಪ್ಪಟೆ, ಕತ್ತಿಗಿಂತ ಅಗಲ. ಮೂತಿ ಚಮಚದ ತುದಿಯಂತೆ ಮುಂಚಾಚಿದ್ದು, ಮೇಲ್ದುಟಿ ಊದಿಕೊಂಡಂತೆ ತೋರುತ್ತದೆ. ಕಣ್ಣುಗಳು ಕರಿಯ ಮಣಿಗಳಂತೆ ಹೊರಚಾಚಿರುತ್ತವೆ. ಕಟ್ಟುಹಾವಿನ ತಲೆಗೂ ಕತ್ತಿಗೂ ಅಗಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ; ಮೂತಿ ಮೊಂಡು.

ಆದರೆ ಪ್ರಕೃತಿ ಪಾಠಪುಸ್ತಕದ ಚಿತ್ರದಂತೆ ನಡೆದುಕೊಳ್ಳುವುದಿಲ್ಲ. ಪಟ್ಟೆಯೇ ಇಲ್ಲದ ಬರಿಗಂದಿನ ತೋಳಹಾವುಗಳಿವೆ. ಮುದಿಯಾದ ಕಟ್ಟುಹಾವಿನಲ್ಲಿ ಗೆರೆಗಳು ಅಳಿದು ಬರಿ ಚುಕ್ಕೆಗಳಾಗಿರುತ್ತವೆ. ಕಟ್ಟುಹಾವಿನ ಮರಿಯಲ್ಲಿ ಕತ್ತಿನ ಸಮೀಪದಿಂದಲೇ ಗೆರೆಗಳಿರಬಹುದು, ಅದರ ಅಳತೆಯೂ ತೋಳಹಾವಿನದೇ. ತೋಳಹಾವಿನ ಕುಲದಲ್ಲೇ ಇನ್ನೊಂದು ಬಗೆ, ಕಪ್ಪುಮೈಯ ಪಟ್ಟೆತೋಳಹಾವು, ಕಟ್ಟುಹಾವಿಗೆ ಇನ್ನಷ್ಟು ಹತ್ತಿರದ ಹೋಲಿಕೆಯುಳ್ಳದ್ದು. ಆದುದರಿಂದ ಬಣ್ಣವನ್ನು ಸಂಶಯದ ಮೊದಲ ಮೆಟ್ಟಿಲಾಗಿ ಬಳಸಬಹುದೇ ಹೊರತು ತೀರ್ಪಿನ ಕೊನೆಯ ಮೆಟ್ಟಿಲಾಗಿ ಅಲ್ಲ.

ತೀರ್ಪು ಕೊಡುವುದು ಹುರುಪೆಗಳು. ಕಟ್ಟುಹಾವಿನ ಬೆನ್ನಿನ ನಡುಗೆರೆಯಲ್ಲಿ ಒಂದು ಸಾಲಿನ ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡವು, ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಯವು. ತೋಳಹಾವಿನ ಬೆನ್ನಿನಲ್ಲಿ ಎಲ್ಲ ಸಾಲುಗಳೂ ಒಂದೇ ಅಳತೆಯವು. ಕಟ್ಟುಹಾವಿನ ಬಾಲದ ಅಡಿಯ ಫಲಕಗಳು ಇಡಿಯಾಗಿ ಒಂದೇ ಸಾಲಿನಲ್ಲಿವೆ. ತೋಳಹಾವಿನಲ್ಲಿ ಅವು ನಡುವೆ ಸೀಳಿ ಎರಡು ಸಾಲಾಗಿವೆ. ಮೂಗಿನ ಹೊಳ್ಳೆಗೂ ಕಣ್ಣಿಗೂ ನಡುವೆ ತೋಳಹಾವಿಗೆ ಇರುವ ಒಂದು ಸಣ್ಣ ಹುರುಪೆ ಕಟ್ಟುಹಾವಿಗೆ ಇಲ್ಲವೇ ಇಲ್ಲ. ಈ ಗುರುತುಗಳು ತಪ್ಪುವುದಿಲ್ಲ. ಆದರೆ ಇವನ್ನು ನೋಡಬೇಕಾದರೆ ಹಾವು ಸತ್ತಿರಬೇಕು ಅಥವಾ ಬಲ್ಲವರ ಹಿಡಿತದಲ್ಲಿರಬೇಕು ಎಂಬುದನ್ನು ಮರೆಯಲಾಗದು. ಸತ್ತ ಹಾವನ್ನೂ ಬರಿಗೈಯಿಂದ ಮುಟ್ಟಬಾರದು. ಸತ್ತಂತೆ ತೋರುವ ಹಾವು ಕಚ್ಚಿದ ಉದಾಹರಣೆಗಳಿವೆ.

ಈ ಹುರುಪೆಯ ಲೆಕ್ಕದ ಹಿಂದೆ ಎರಡು ಶತಮಾನಗಳ ಶ್ರಮವಿದೆ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ವೈದ್ಯ ಪ್ಯಾಟ್ರಿಕ್ ರಸೆಲ್ ಪೂರ್ವ ಕರಾವಳಿಯ ಹಾವುಗಳನ್ನು ಸಂಗ್ರಹಿಸಿ, 1796ರಲ್ಲಿ ಚಿತ್ರಸಹಿತವಾದ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ವಿಷದ ಹಾವಾವುದು, ವಿಷವಿಲ್ಲದ್ದಾವುದು ಎಂಬುದನ್ನು ಜನಸಾಮಾನ್ಯರು ತಿಳಿಯುವಂತಾಗಬೇಕೆಂಬುದು ಅವನ ಹಂಬಲವಾಗಿತ್ತು. ಆ ಕೆಲಸವನ್ನು ಇನ್ನೂ ಖಚಿತಗೊಳಿಸಿದವನು ಸೈನ್ಯದ ವೈದ್ಯನಾಗಿದ್ದ ಫ್ರಾಂಕ್ ವಾಲ್. ಮುಂಬಯಿಯ ಪ್ರಕೃತಿ ಇತಿಹಾಸ ಸಂಘದ ಪತ್ರಿಕೆಯಲ್ಲಿ ಭಾರತದ ಸಾಮಾನ್ಯ ಹಾವುಗಳ ಬಗ್ಗೆ ಅವನು ವರ್ಷಗಟ್ಟಲೆ ಲೇಖನಮಾಲೆಯನ್ನು ಬರೆದನು. 1907ರಲ್ಲಿ ವಿಷದ ಹಾವುಗಳನ್ನು ಗುರುತಿಸುವ ಕೈಪಿಡಿಯನ್ನೇ ಹೊರತಂದನು. ಬೆನ್ನಿನ ನಡುಸಾಲು ದೊಡ್ಡದೇ, ಬಾಲದಡಿಯ ಫಲಕ ಇಡಿಯೇ ಸೀಳೇ ಎಂದು ಒಂದೊಂದೇ ಪ್ರಶ್ನೆ ಕೇಳುತ್ತ ಉತ್ತರಕ್ಕೆ ಬರುವ ವಿಧಾನವನ್ನು ರೂಢಿಗೆ ತಂದವರಲ್ಲಿ ಅವನು ಪ್ರಮುಖ.

ಇಷ್ಟೆಲ್ಲ ಬಲ್ಲವರೂ ಎಡವಿದ್ದುಂಟು. ಅಮೆರಿಕದ ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ಜೋಸೆಫ್ ಸ್ಲೊವಿನ್ಸ್ಕಿ ಹಾವುಗಳ ಅಧ್ಯಯನದಲ್ಲಿ ಹೆಸರು ಮಾಡಿದ ತರುಣ ವಿಜ್ಞಾನಿ. 2001ರ ಸೆಪ್ಟೆಂಬರ್ ತಿಂಗಳಲ್ಲಿ ಅವರು ತಂಡದೊಡನೆ ಮ್ಯಾನ್ಮಾರ್ ದೇಶದ ಉತ್ತರದ ಕಾಡುಗಳಲ್ಲಿದ್ದರು. ಸಹಾಯಕನೊಬ್ಬ ಚೀಲದಲ್ಲಿ ತಂದಿದ್ದ ಪಟ್ಟೆಗಳ ಸಣ್ಣ ಹಾವನ್ನು ತೋಳಹಾವಿನ ಸಂಬಂಧಿಯಾದ ವಿಷರಹಿತ ಹಾವೆಂದು ಭಾವಿಸಲಾಗಿತ್ತು. 11ನೆಯ ತಾರೀಖಿನ ಬೆಳಗ್ಗೆ ಸ್ಲೊವಿನ್ಸ್ಕಿ ಆ ಚೀಲದೊಳಗೆ ಕೈಹಾಕಿದರು. ಬೆರಳಿಗೆ ಕಚ್ಚಿದುದು ಕಟ್ಟುಹಾವಿನ ಕುಲದ ಎಳೆಯ ಹಾವು. ಬೆರಳಿನ ಮೇಲೆ ಗುರುತು ಕಾಣುವುದೇ ಕಷ್ಟವಾಗಿತ್ತು. ಕೆಲವು ಗಂಟೆಗಳಲ್ಲಿ ರೆಪ್ಪೆಗಳು ಜೋತುಬಿದ್ದವು, ಮಾತು ನಿಂತಿತು, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋತವು. ಆ ದುರ್ಗಮ ಹಳ್ಳಿಗೆ ಪ್ರತಿಕೂಲ ಹವೆಯಿಂದಾಗಿ ಹೆಲಿಕಾಪ್ಟರ್ ಬರಲಾಗಲಿಲ್ಲ. ಜೊತೆಗಾರರು ಸರದಿಯ ಮೇಲೆ ಬಾಯಿಗೆ ಬಾಯಿಟ್ಟು ಗಂಟೆಗಟ್ಟಲೆ ಉಸಿರೂದಿದರೂ ಮರುದಿನ ಅವರು ತೀರಿಕೊಂಡರು. ಆಗ ಅವರಿಗೆ 38 ವರ್ಷ. ಇಪ್ಪತ್ತು ವರ್ಷಗಳ ಅನಂತರ, 2021ರಲ್ಲಿ, ಆ ಸೀಮೆಯ ಕಟ್ಟುಹಾವುಗಳನ್ನು ಪರಿಶೀಲಿಸಿದ ವಿಜ್ಞಾನಿಗಳು ಅಲ್ಲಿ ಹೊಸದೊಂದು ಪ್ರಭೇದವಿರುವುದನ್ನು ಕಂಡುಕೊಂಡು, ಸ್ಲೊವಿನ್ಸ್ಕಿಯವರನ್ನು ಕಚ್ಚಿದುದು ಅದೇ ಇದ್ದಿರಬಹುದೆಂದು ಸೂಚಿಸಿದರು.

ಕಟ್ಟುಹಾವಿನ ವಿಷ ನರಗಳ ತುದಿಯನ್ನೇ ಹಾಳುಮಾಡುತ್ತದೆ. ನರದ ಆಜ್ಞೆ ಸ್ನಾಯುವಿಗೆ ತಲಪುವುದಿಲ್ಲ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಇಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ನಡುರಾತ್ರಿ ಕಚ್ಚಿಸಿಕೊಂಡು, ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆಯೆತ್ತಲಾಗದೆ ಒದ್ದಾಡಿದಾಗಲೂ ಮನೆಯವರಿಗೆ ಹಾವಿನ ನೆನಪೇ ಬರುವುದಿಲ್ಲ. ರಾಜಸ್ಥಾನದ ಮರುಭೂಮಿಯ ಕಡೆ, ಮಲಗಿದವರ ಎದೆಯ ಮೇಲೆ ಕುಳಿತು ಉಸಿರು ಕುಡಿಯುವ ಹಾವೊಂದಿದೆಯೆಂಬ ನಂಬಿಕೆ ಬೆಳೆದುಬಂದಿರುವುದು ಈ ಕಾರಣದಿಂದಲೇ. ಉಸಿರು ನಿಲ್ಲುವುದಂತೂ ನಿಜ, ವಿವರಣೆ ಮಾತ್ರ ಕಲ್ಪನೆ. ಒಮ್ಮೆ ಹಾಳಾದ ನರದ ತುದಿ ಮತ್ತೆ ಬೆಳೆಯಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಆದ್ದರಿಂದ ಪ್ರತಿವಿಷವನ್ನು ಬೇಗನೆ ಕೊಡುವುದು, ಅಗತ್ಯವಾದರೆ ಯಂತ್ರದಿಂದ ಉಸಿರಾಟ ನಡೆಸುವುದು, ಇವೆರಡೂ ಇರುವ ಆಸ್ಪತ್ರೆಗೆ ರೋಗಿಯನ್ನು ಒಯ್ಯಬೇಕು. ಕಚ್ಚಿದ ಅಂಗವನ್ನು ಅಲುಗಿಸದಂತೆ ಇರಿಸಬೇಕು. ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಹಾನಿಯನ್ನೇ ಉಂಟುಮಾಡುತ್ತವೆ. 'ಕಚ್ಚಿದ್ದು ತೋಳಹಾವೇ ಇರಬೇಕು' ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸುವುದು ಎಲ್ಲಕ್ಕಿಂತ ಅಪಾಯಕರ.

2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರ ಸಂಖ್ಯೆ ಸುಮಾರು 12 ಲಕ್ಷವೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಎಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಇವರಲ್ಲಿ ಹೆಚ್ಚಿನವರು ಹಳ್ಳಿಗಾಡಿನವರು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದು ಆಜ್ಞೆ ಹೊರಡಿಸಿತು. ಮಂಚದ ಮೇಲೆ ಮಲಗುವುದು, ಅದು ಸಾಧ್ಯವಿಲ್ಲದಿದ್ದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಮಡಿಚಿ ಮಲಗುವುದು ಅಗ್ಗದ ರಕ್ಷಣೆ. ನೇಪಾಳದ ತರಾಯಿ ಪ್ರದೇಶದಲ್ಲಿ ನಡೆಸಿದ ಅಧ್ಯಯನವೂ ಪರದೆಯ ಉಪಯೋಗವನ್ನು ದೃಢಪಡಿಸಿದೆ.

ಮನೆಯೊಳಗಿನ ತೋಳಹಾವಿನಿಂದ ಮನುಷ್ಯನಿಗೆ ಯಾವ ಕೇಡೂ ಇಲ್ಲವೆಂದ ಮಾತ್ರಕ್ಕೆ ಅದು ಎಲ್ಲಿದ್ದರೂ ಸಾಧುವೆಂದು ತಿಳಿಯುವಂತಿಲ್ಲ. ಹಿಂದೂ ಮಹಾಸಾಗರದಲ್ಲಿ ಜಾವಾದ ದಕ್ಷಿಣಕ್ಕೆ ಕ್ರಿಸ್ಮಸ್ ದ್ವೀಪವೆಂಬ ಆಸ್ಟ್ರೇಲಿಯಾದ ಸಣ್ಣ ದ್ವೀಪವಿದೆ. ಆಗ್ನೇಯ ಏಷ್ಯದ ತೋಳಹಾವು, ನಮ್ಮದರ ಒಡಹುಟ್ಟಿನಂತಿರುವ ಪ್ರಭೇದ, ಸರಕಿನ ನಡುವೆ ಅಡಗಿ ಅಲ್ಲಿಗೆ ತಲಪಿತು. 1987ರಲ್ಲಿ ಮೊದಲು ಕಣ್ಣಿಗೆ ಬಿತ್ತು. ಇಂಥ ಬೇಟೆಗಾರನನ್ನು ಎಂದೂ ಕಂಡಿರದ ಅಲ್ಲಿನ ಹಲ್ಲಿ, ಹಾವುರಾಣಿಗಳು ಒಂದೊಂದಾಗಿ ಕಣ್ಮರೆಯಾದವು. ಎರಡು ಪ್ರಭೇದಗಳನ್ನು ಸಾಕುಕೇಂದ್ರಗಳಲ್ಲಿ ಬೆಳೆಸಿ ಉಳಿಸಿಕೊಳ್ಳಲಾಗಿದೆ. ಕಾಡಿನ ಹಾವುರಾಣಿಯೊಂದರ ಕೊನೆಯ ಜೀವ 2014ರಲ್ಲಿ ಪಂಜರದಲ್ಲಿ ಸತ್ತು, ಆ ಸಂತತಿಯೇ ಅಳಿಯಿತು. ಆ ನಾಶಕ್ಕೆ ತೋಳಹಾವೇ ಮುಖ್ಯ ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ನಮ್ಮ ಊರುಗಳಲ್ಲಾದರೋ ಹಲ್ಲಿಯೂ ತೋಳಹಾವೂ ಬಹುಕಾಲದಿಂದ ಒಂದೇ ಮಾಡಿನಡಿ ಬದುಕಿವೆ; ಹಲ್ಲಿಗಳೇನೂ ಕಡಿಮೆಯಾಗಿಲ್ಲ.

ತೋಳಹಾವಿನ ಹೆಣ್ಣು ಮೂರರಿಂದ ಹನ್ನೊಂದರವರೆಗೆ ಮೊಟ್ಟೆಗಳನ್ನಿಡುತ್ತದೆ. ಮಳೆಗಾಲದ ಕೊನೆಗೆ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ, ಗೇಣುದ್ದಕ್ಕೂ ಕಡಮೆಯಿರುವ ಮರಿಗಳು ಹೊರಬರುತ್ತವೆ. ಮರಿಗಳು ಬೆಳೆಯುತ್ತ ಮತ್ತೆ ಮತ್ತೆ ಪೊರೆ ಬಿಡುತ್ತವೆ. ಹಾವನ್ನು ಕಾಣದೆಯೇ, ಅದರ ಹತ್ತಿರ ಸುಳಿಯದೆಯೇ ಅದನ್ನು ಗುರುತಿಸಲು ಇರುವ ಒಳ್ಳೆಯ ಸಾಧನವೆಂದರೆ ಈ ಪೊರೆ. ಹೆಂಚು ಕೈಯಾಡಿಸುವಾಗಲೋ ಸೌದೆಯ ಕೊಟ್ಟಿಗೆಯನ್ನು ಗುಡಿಸುವಾಗಲೋ ಅದು ಸಿಗುತ್ತದೆ. ಹಾವು ಬಾಯಿಯ ಅಂಚಿನಿಂದ ಚರ್ಮವನ್ನು ಬಿಡಿಸಿಕೊಂಡು, ಕಾಲುಚೀಲವನ್ನು ತಿರುವಿ ತೆಗೆದಂತೆ ಹೊರಬರುವುದರಿಂದ ಪೊರೆಯ ಒಳಮೈ ಹೊರಗಿರುತ್ತದೆ. ಹಿಗ್ಗಿರುವುದರಿಂದ ಹಾವಿಗಿಂತ ತುಸು ಉದ್ದವಾಗಿಯೂ ಇರುತ್ತದೆ. ಅದರಲ್ಲಿ ಪ್ರತಿಯೊಂದು ಹುರುಪೆಯೂ, ಕಣ್ಣಿನ ಮೇಲಿನ ಪಾರದರ್ಶಕ ಮುಚ್ಚಳ ಕೂಡ, ಅಚ್ಚೊತ್ತಿದಂತೆ ಉಳಿದಿರುತ್ತದೆ. ಪೊರೆಯನ್ನು ನೀರಿನಲ್ಲಿ ಸ್ವಲ್ಪ ನೆನೆಸಿ ಬಿಡಿಸಿ, ಗಾಜಿನ ಮೇಲೆ ಹರಡಿ, ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಬೇಕು. ಬೆನ್ನಿನ ನಡುಸಾಲು ಉಳಿದ ಸಾಲುಗಳಷ್ಟೇ ಇದ್ದು, ಬಾಲದಡಿಯ ಫಲಕಗಳು ಎರಡು ಸಾಲಾಗಿದ್ದು, ಹೊಳ್ಳೆಗೂ ಕಣ್ಣಿಗೂ ನಡುವಿನ ಆ ಸಣ್ಣ ಹುರುಪೆಯೂ ಸಿಕ್ಕಿದರೆ ಆ ಪೊರೆ ಕಟ್ಟುಹಾವಿನದಲ್ಲ. ನಡುಸಾಲಿನಲ್ಲಿ ಆರು ಮೂಲೆಯ ದೊಡ್ಡ ಹುರುಪೆಗಳು ಕಂಡು, ಬಾಲದಡಿಯ ಫಲಕಗಳು ಇಡಿಯಾಗಿದ್ದರೆ ಅಂದಿನಿಂದಲೇ ಚಾಪೆಯನ್ನು ನೆಲದಿಂದ ಎತ್ತಬೇಕು. ಇಲಿಯ ಬಿಲಗಳನ್ನು ಮುಚ್ಚಿಸಬೇಕು. ರಾತ್ರಿ ಹಿತ್ತಲಿಗೆ ಹೋಗುವಾಗ ದೀಪ ಹಿಡಿಯಬೇಕು.